ಮ್ಯಾಂಗನೀಸ್ ಹರಳಿಗೆ ನಮ್ಮ ಎಂಎಸ್ಸಿ ಪ್ರಯೋಗಾಲಯದಲ್ಲಿ ಜಾಗ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಒಂದೇ ಒಂದು ಅಣು ಆಯಸ್ಕಾಂತದಂತೆ ವರ್ತಿಸುತ್ತದೆ, ಅದರಲ್ಲಿ ಮಾಹಿತಿ ಹಿಡಿದಿಡಬಹುದು ಎಂಬ ಸುದ್ದಿ ಪತ್ರಿಕೆಗಳ ವಿಜ್ಞಾನ ಪುಟದಲ್ಲಿ ಆಗಾಗ ಬರುತ್ತದೆ. ಬಂದಾಗಲೆಲ್ಲ ಎರಡು ಸಂಗತಿ ಬಿಟ್ಟುಹೋಗಿರುತ್ತವೆ. ಆ ಅಣು ಎಷ್ಟು ತಣ್ಣಗಿದ್ದಾಗ ಆಯಸ್ಕಾಂತ ಎಂಬುದು ಒಂದು. ಈ ವಿದ್ಯೆ ಯಾವ ದಾರಿಯಿಂದ ಬಂತು ಎಂಬುದು ಇನ್ನೊಂದು. ಮೊದಲನೆಯದು ಒಂದು ಸಂಖ್ಯೆ ಬರೆದರೆ ಸರಿಹೋಗುತ್ತದೆ. ಎರಡನೆಯದಕ್ಕೆ ಜಾಗ ಬೇಕು, ಅದಕ್ಕೇ ಈ ಪತ್ರ ಉದ್ದವಾಗಿದೆ. ಇಂಥ ಒಂದು ಅಣುವಿನ ಹರಳನ್ನು ಮಾಡಿ ತೂಗುವ ಪ್ರಯೋಗ ಎಂಎಸ್ಸಿ ಪಠ್ಯಕ್ಕೆ ಸೇರಬೇಕು ಎಂಬ ಕೋರಿಕೆಯೂ ಇದರಲ್ಲಿದೆ.

‘ಬಯೋಇನಾರ್ಗ್ಯಾನಿಕ್ ತಗೊಂಡರೆ ಮುಂದೆ ಮ್ಯಾಗ್ನೆಟಿಕ್ ಮೆಟೀರಿಯಲ್ಸ್ ಕಡೆ ಹೋಗೋಕೆ ಆಗಲ್ವಾ ಸಾರ್?’ ಎಂದು ಎಂಎಸ್ಸಿ ವಿದ್ಯಾರ್ಥಿಗಳು ಕೇಳುತ್ತಾರೆ. ಜೀವಿಗಳೊಳಗಿನ ಲೋಹಗಳ ರಸಾಯನಶಾಸ್ತ್ರ (ಬಯೋಇನಾರ್ಗ್ಯಾನಿಕ್), ಕಾಂತೀಯ ವಸ್ತುಗಳ ಅಧ್ಯಯನ ಎರಡೂ ಪಠ್ಯಕ್ರಮದಲ್ಲಿ ಬೇರೆ ಬೇರೆ ಪೇಪರುಗಳಾಗಿರುವುದರಿಂದ ಹುಟ್ಟುವ ಅನುಮಾನ ಅದು. ಇದಕ್ಕೆ ಉತ್ತರವಾಗಿ ನಿಲ್ಲುವ ಸಂಶೋಧನಾ ಬದುಕೊಂದಿದೆ: ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಜಾರ್ಜ್ ಕ್ರಿಸ್ಟೂ ಅವರದು. ಹಸಿರೆಲೆ ಆಮ್ಲಜನಕ ಬಿಡುವ ಬಗೆಯನ್ನು ತಿಳಿಯಲು ಹೊರಟ ಅವರ ಪ್ರಯೋಗಾಲಯ ಅಣು-ಆಯಸ್ಕಾಂತಗಳ ದೊಡ್ಡ ಕಣಜವಾಯಿತು. ನಡುವೆ ಎಲ್ಲೂ ವಿಷಯ ಬದಲಿಸಿದ್ದಿಲ್ಲ.

ಕ್ರಿಸ್ಟೂ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು. ಆಮೇಲೆ ಮ್ಯಾಂಚೆಸ್ಟರಿನಲ್ಲಿ ಡೇವಿಡ್ ಗಾರ್ನರ್ ಜೊತೆ, ಅಮೆರಿಕದಲ್ಲಿ ರಿಚರ್ಡ್ ಹೋಮ್ ಜೊತೆ ಕಬ್ಬಿಣ–ಗಂಧಕ ಮತ್ತು ಮಾಲಿಬ್ಡಿನಂ–ಕಬ್ಬಿಣ–ಗಂಧಕದ ಗೊಂಚಲುಗಳ (ಹಲವು ಲೋಹದ ಪರಮಾಣುಗಳು ಒಟ್ಟಿಗೆ ಬೆಸೆದುಕೊಂಡ ಅಣುಗಳ) ಮೇಲೆ ಕೆಲಸ ಮಾಡಿದರು. ತೊಗರಿ, ಕಡಲೆ, ಶೇಂಗಾ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವಲ್ಲ, ಆ ಕೆಲಸ ಮಾಡುವ ನೈಟ್ರೋಜಿನೇಸ್ ಎಂಬ ಕಿಣ್ವದ ಹೊಟ್ಟೆಯಲ್ಲಿರುವುದು ಇಂಥದ್ದೇ ಗೊಂಚಲು. ಕಿಣ್ವ ದೊಡ್ಡದು, ಸೂಕ್ಷ್ಮವಾದದ್ದು, ಹರಳುಗಟ್ಟಿಸುವುದು ಕಷ್ಟ. ಹಾಗಾಗಿ ಲೋಹವಿರುವ ಒಳಭಾಗವನ್ನಷ್ಟೇ ಹೋಲುವ ಸಣ್ಣ ಸಂಯುಕ್ತವೊಂದನ್ನು ಬೀಕರಿನಲ್ಲಿ ಮಾಡಿ, ಅದರ ಗುಣವನ್ನು ಅಳೆದು, ಕಿಣ್ವದ ಅಳತೆಯ ಪಕ್ಕದಲ್ಲಿಟ್ಟು ನೋಡುವುದು ಬಯೋಇನಾರ್ಗ್ಯಾನಿಕ್ ರಸಾಯನಶಾಸ್ತ್ರಜ್ಞರ ರೂಢಿಯ ಕಸುಬು.

ಈ ಅಳತೆಗಳಲ್ಲಿ ಕಾಂತತ್ವಕ್ಕೆ ಮೊದಲಿನಿಂದಲೂ ಮುಖ್ಯ ಸ್ಥಾನವಿದೆ. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ರಕ್ತದ ಹಿಮೋಗ್ಲೋಬಿನ್ನನ್ನು ಆಯಸ್ಕಾಂತದ ಕ್ಷೇತ್ರದಲ್ಲಿಟ್ಟು ತೂಗಿದರು. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಕ್ಷೇತ್ರದ ಕಡೆಗೆ ಎಳೆಯಲ್ಪಡುತ್ತದೆ, ಆಮ್ಲಜನಕ ಹಿಡಿದದ್ದು ಎಳೆಯಲ್ಪಡುವುದಿಲ್ಲ. ಕಬ್ಬಿಣದಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಎಷ್ಟಿವೆ, ಅವು ಪಕ್ಕದ ಪರಮಾಣುವಿನ ಎಲೆಕ್ಟ್ರಾನುಗಳೊಡನೆ ಹೇಗೆ ಹೊಂದಿಕೊಂಡಿವೆ ಎಂಬುದನ್ನು ಅಣುವನ್ನು ಒಡೆಯದೆ ತಿಳಿಸುವ ವಿಧಾನ ಅದು. ನಮ್ಮ ದೇಶದಲ್ಲೂ ಇದರ ಬೇರು ಹಳೆಯದು. ಶಾಂತಿ ಸ್ವರೂಪ ಭಟ್ನಾಗರ್ ಮತ್ತು ಮಾಥುರ್ ತಮ್ಮ ಕಾಂತೀಯ ತಕ್ಕಡಿಯನ್ನು ರೂಪಿಸಿದ್ದು 1928ರಲ್ಲಿ. ಹರಳುಗಳ ಕಾಂತತ್ವ ದಿಕ್ಕಿನಿಂದ ದಿಕ್ಕಿಗೆ ಬದಲಾಗುವುದನ್ನು ಅಳೆಯುವುದರಲ್ಲಿ ಕೆ.ಎಸ್. ಕೃಷ್ಣನ್ ಜಗತ್ತಿಗೇ ಮುಂದಿದ್ದರು. ಆ ದಿಕ್ಕಿನ ವಿಷಯ ಮುಂದೆ ಮತ್ತೆ ಬರುತ್ತದೆ.

ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಕ್ರಿಸ್ಟೂ ಹಿಡಿದದ್ದು ಮ್ಯಾಂಗನೀಸನ್ನು. ಸಂಡೂರಿನ ಗುಡ್ಡಗಳಿಂದ ಅದಿರಾಗಿ ಲಾರಿಗಳಲ್ಲಿ ಹೋಗುವ ಅದೇ ಲೋಹ ಪ್ರತಿ ಹಸಿರೆಲೆಯಲ್ಲೂ ಇದೆ. ನೀರಿನಿಂದ ಆಮ್ಲಜನಕ ಬಿಡಿಸುವ ಜಾಗದಲ್ಲಿ ಇರುವುದು ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ. ಕತ್ತಲಲ್ಲಿಟ್ಟ ಕ್ಲೋರೋಪ್ಲಾಸ್ಟಿಗೆ ಒಂದೊಂದೇ ಬೆಳಕಿನ ಮಿಂಚು ಕೊಟ್ಟು ನೋಡಿದರೆ ಮೂರನೆಯ ಮಿಂಚಿಗೆ ಆಮ್ಲಜನಕ ಹೆಚ್ಚು ಬರುತ್ತದೆ. ಆಮೇಲೆ ಏಳನೆಯದಕ್ಕೆ, ಹನ್ನೊಂದನೆಯದಕ್ಕೆ, ಹೀಗೆ ನಾಲ್ಕಕ್ಕೊಮ್ಮೆ. 1970ರಲ್ಲಿ ಬೆಸೆಲ್ ಕಾಕ್ ಇದರಿಂದಲೇ ನಾಲ್ಕು ಹಂತದ ಚಕ್ರವನ್ನು ಊಹಿಸಿದರು: ಒಂದೊಂದು ಮಿಂಚಿಗೆ ಒಂದೊಂದು ಎಲೆಕ್ಟ್ರಾನ್ ಹೊರಹೋಗುತ್ತದೆ, ನಾಲ್ಕು ಹೋದ ಮೇಲೆ ಆಮ್ಲಜನಕ ಹೊರಬರುತ್ತದೆ. ಕತ್ತಲಲ್ಲಿದ್ದಾಗಲೇ ಚಕ್ರ ಒಂದು ಹಂತ ಮುಂದಿರುವುದರಿಂದ ಮೊದಲ ಸಲ ಮೂರೇ ಮಿಂಚು ಸಾಕು. 1981ರಲ್ಲಿ, ಜೋಡಿಯಿಲ್ಲದ ಎಲೆಕ್ಟ್ರಾನುಗಳನ್ನು ಗುರುತಿಸುವ ಇಪಿಆರ್ ಯಂತ್ರದಲ್ಲಿ, ಈ ಚಕ್ರದ ಒಂದು ಹಂತದ ಕಾಂತೀಯ ಗುರುತು ಸಿಕ್ಕಿತು. ಮ್ಯಾಂಗನೀಸ್ ಒಂಟಿಯಾಗಿದ್ದರೆ ಆರು ಗೆರೆ ಕಾಣಬೇಕು. ಅಲ್ಲಿ ಕಂಡದ್ದು ಅದಕ್ಕಿಂತ ಬಹಳ ಹೆಚ್ಚು. ಅಂದರೆ ಒಂದಕ್ಕಿಂತ ಹೆಚ್ಚು ಮ್ಯಾಂಗನೀಸುಗಳು ಒಂದಕ್ಕೊಂದು ಕೈಹಿಡಿದು ಕೂತಿವೆ. ಹೇಗೆ ಕೂತಿವೆ ಎಂದು ತಿಳಿಯಲು ರಚನೆ ಗೊತ್ತಿರುವ ಮ್ಯಾಂಗನೀಸ್ ಗೊಂಚಲುಗಳು ಬೇಕಿದ್ದವು. ಅಂಥವು ಆಗ ಬೆರಳೆಣಿಕೆಯಷ್ಟೂ ಇರಲಿಲ್ಲ.

ಹಾಗಾಗಿ ಗೊಂಚಲು ಕಟ್ಟುವ ಕೆಲಸ ಶುರುವಾಯಿತು. ಮೂರು ಮ್ಯಾಂಗನೀಸಿನ ಅಸಿಟೇಟುಗಳು, ಅವುಗಳಿಗೆ ಬೈಪಿರಿಡೀನ್ ಸೇರಿಸಿದಾಗ ಸಿಗುವ ಚಿಟ್ಟೆಯಾಕಾರದ ನಾಲ್ಕು ಮ್ಯಾಂಗನೀಸಿನವು, ಹೀಗೆ. ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಬಹಳಷ್ಟು ಸಾವಯವ ದ್ರಾವಕಗಳಲ್ಲಿ ಸರಿಯಾಗಿ ಕರಗುವುದಿಲ್ಲವಾದ್ದರಿಂದ ಟೆಟ್ರಾಬ್ಯುಟೈಲ್ ಅಮೋನಿಯಂ ಪರ್ಮ್ಯಾಂಗನೇಟ್ ಬಳಸಬೇಕು. ಸಾವಯವ ಪರ್ಮ್ಯಾಂಗನೇಟುಗಳನ್ನು ಒಲೆಯಲ್ಲಿಟ್ಟು ಒಣಗಿಸಲು ಹೋಗಿ 80 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಸಿಡಿದ ಪ್ರಕರಣ ದಾಖಲಾಗಿದೆ. ಆಕ್ಸಿಡೀಕರಿಸುವ ಗುಂಪೂ ಉರಿಯುವ ಗುಂಪೂ ಒಂದೇ ಲವಣದಲ್ಲಿ ಪಕ್ಕಪಕ್ಕ ಇರುವುದೇ ಅದಕ್ಕೆ ಕಾರಣ. ಕೋಣೆಯ ಉಷ್ಣತೆಯಲ್ಲೇ, ಕಡಿಮೆ ಪ್ರಮಾಣದಲ್ಲೇ ಒಣಗಿಸಬೇಕು. ವಿದ್ಯಾರ್ಥಿಗಳ ಕೈಗೆ ಇದನ್ನು ಕೊಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಈ ಗೊಂಚಲುಗಳ ಸಾಲಿನಲ್ಲೇ ಹನ್ನೆರಡು ಮ್ಯಾಂಗನೀಸಿನದು ಬಂತು. ಅದರ ಅಸಿಟೇಟ್ ರೂಪವನ್ನು ಪೋಲೆಂಡಿನ ಲಿಸ್ 1980ರಲ್ಲೇ ಹರಳುಗಟ್ಟಿಸಿ ರಚನೆ ಪ್ರಕಟಿಸಿದ್ದರು. ನಡುವೆ ನಾಲ್ಕು ಮ್ಯಾಂಗನೀಸಿನ ಒಂದು ಘನ, ಸುತ್ತ ಎಂಟು ಮ್ಯಾಂಗನೀಸಿನ ಉಂಗುರ, ಹೊರಗೆ ಹದಿನಾರು ಅಸಿಟೇಟುಗಳ ಹೊದಿಕೆ. 1988ರಲ್ಲಿ ಕ್ರಿಸ್ಟೂ ಮತ್ತು ಡೇವಿಡ್ ಹೆಂಡ್ರಿಕ್‌ಸನ್ ತಂಡ ಇದರ ಬೆಂಜೋಯೇಟ್ ರೂಪವನ್ನು ಮಾಡಿ, ಕಾಂತತ್ವ ಅಳೆದು, ಒಟ್ಟು ಸ್ಪಿನ್ (ಎಲೆಕ್ಟ್ರಾನುಗಳಿಗೆ ಕಾಂತತ್ವ ಕೊಡುವ ಗುಣ; ಜೋಡಿಯಿಲ್ಲದ ಒಂದೊಂದು ಎಲೆಕ್ಟ್ರಾನಿಗೆ ಅರ್ಧ) 14 ಎಂದು ಪ್ರಕಟಿಸಿತು. ಆ ಸಂಖ್ಯೆ ಉಳಿಯಲಿಲ್ಲ. 1991ರಲ್ಲಿ ಇಟಲಿಯ ಫ್ಲಾರೆನ್ಸಿನ ದಾಂತೆ ಗಟೆಸ್ಕಿ, ಆಂಡ್ರೆಯಾ ಕನೆಸ್ಕಿ, ರೊಬೆರ್ತಾ ಸೆಸ್ಸೊಲಿ ಇದ್ದ ತಂಡ ಅಸಿಟೇಟನ್ನು ಹೆಚ್ಚಿನ ಕ್ಷೇತ್ರದಲ್ಲಿ, ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ಕ್ಷೇತ್ರದಲ್ಲಿ, ಮಿಲಿಮೀಟರ್ ತರಂಗದ ಇಪಿಆರ್‌ನಲ್ಲಿ ಅಳೆದು ಸ್ಪಿನ್ 10 ಎಂದು ತೋರಿಸಿತು. ಎರಡು ವರ್ಷಕ್ಕೆ, 1993ರಲ್ಲಿ, ಫ್ಲಾರೆನ್ಸಿನವರೂ ಅಮೆರಿಕದವರೂ ಒಟ್ಟಿಗೆ ಹೆಸರು ಹಾಕಿ ಈ ಕುಟುಂಬದ ಬಗ್ಗೆ ಬರೆದರು. ತಪ್ಪಿದ ಸಂಖ್ಯೆಯನ್ನು ತಿದ್ದಿದವರ ಜೊತೆಗೇ ಕೂತು ಮುಂದಿನ ಪ್ರಬಂಧ ಬರೆಯುವುದು ಈ ವೃತ್ತಿಯ ಅತ್ಯಂತ ಆರೋಗ್ಯಕರ ನಡವಳಿಕೆ ಎಂದು ನಮಗೆ ಅನ್ನಿಸುತ್ತದೆ.

10 ಎಲ್ಲಿಂದ ಬಂತು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಉಂಗುರದ ಎಂಟು ಮ್ಯಾಂಗನೀಸುಗಳ ವೇಲೆನ್ಸಿ 3, ಒಂದೊಂದರ ಸ್ಪಿನ್ 2, ಒಟ್ಟು 16. ಘನದ ನಾಲ್ಕರ ವೇಲೆನ್ಸಿ 4, ಒಂದೊಂದರ ಸ್ಪಿನ್ ಒಂದೂವರೆ, ಒಟ್ಟು 6. ಉಂಗುರದವೆಲ್ಲ ಮೇಲ್ಮುಖ, ಘನದವೆಲ್ಲ ಕೆಳಮುಖ. 16ರಲ್ಲಿ 6 ಕಳೆದರೆ 10.

ಸ್ಪಿನ್ ದೊಡ್ಡದಿದ್ದ ಮಾತ್ರಕ್ಕೆ ಅಣು ಆಯಸ್ಕಾಂತವಾಗುವುದಿಲ್ಲ. ಸ್ಪಿನ್ ಒಂದು ದಿಕ್ಕಿಗೆ ಅಂಟಿಕೊಂಡು ನಿಲ್ಲಬೇಕು. ವೇಲೆನ್ಸಿ 3ರ ಮ್ಯಾಂಗನೀಸಿನ ಸುತ್ತಲಿನ ಆರು ಬಂಧಗಳಲ್ಲಿ ಎದುರುಬದುರಾದ ಎರಡು ಉದ್ದವಾಗಿರುತ್ತವೆ. ಇದಕ್ಕೆ ಯಾನ್–ಟೆಲ್ಲರ್ ವಿರೂಪ ಎಂದು ಹೆಸರು. ಉಂಗುರದ ಎಂಟೂ ಮ್ಯಾಂಗನೀಸಿನ ಉದ್ದದ ಬಂಧಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ, ತಟ್ಟೆಯಂಥ ಅಣುವಿಗೆ ಲಂಬವಾಗಿ, ನಿಂತಿವೆ. ಎಂಟರ ಹಟವೂ ಸೇರಿ ಇಡೀ ಅಣುವಿಗೆ ಒಂದು ಸುಲಭ ದಿಕ್ಕು ಸಿಗುತ್ತದೆ. ಮೇಲಿನಿಂದ ಕೆಳಕ್ಕೆ ತಿರುಗಬೇಕಾದರೆ ಸ್ಪಿನ್ ಒಂದು ದಿಬ್ಬ ಹತ್ತಿ ಇಳಿಯಬೇಕು. ದಿಬ್ಬದ ಎತ್ತರ ಸ್ಪಿನ್ನಿನ ವರ್ಗವನ್ನು ದಿಕ್ಕಿನ ಗುಣಾಂಕದಿಂದ ಗುಣಿಸಿದಷ್ಟು: ಇಲ್ಲಿ 100ನ್ನು ಸುಮಾರು ಅರ್ಧದಿಂದ ಗುಣಿಸಿ 50 ತರಂಗಸಂಖ್ಯೆ (ಶಕ್ತಿಯ ಒಂದು ಏಕಮಾನ), ಉಷ್ಣತೆಯಲ್ಲಿ ಹೇಳಿದರೆ 70 ಕೆಲ್ವಿನ್ ಸುಮಾರು. ಪ್ರಯೋಗದಲ್ಲಿ ಸಿಗುವುದು ಸ್ವಲ್ಪ ಕಡಿಮೆ, 60ರ ಆಸುಪಾಸು. ಸ್ಪಿನ್ ನೆತ್ತಿಯವರೆಗೂ ಹತ್ತದೆ, ತುಸು ಕೆಳಗೇ ಸುರಂಗ ಹೊಕ್ಕಂತೆ ದಿಬ್ಬದ ಆಚೆ ಬರುವ ಕ್ವಾಂಟಂ ವರ್ತನೆ ಅದಕ್ಕೆ ಕಾರಣ. ಆ ಸುರಂಗದ ಗುರುತು 1996ರಲ್ಲಿ ಕಣ್ಣಿಗೇ ಕಂಡಿತು: ಕಾಂತೀಕರಣದ ಗೆರೆ ನುಣ್ಣಗಿರದೆ, ಸುಮಾರು 0.45 ಟೆಸ್ಲಾಗೊಂದರಂತೆ ಮೆಟ್ಟಿಲು ಮೆಟ್ಟಿಲಾಗಿತ್ತು. 2 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 271 ಡಿಗ್ರಿ ಸೆಲ್ಸಿಯಸ್ ಕೆಳಗೆ, ಒಮ್ಮೆ ಕಾಂತೀಕರಿಸಿದ ಈ ಹರಳು ತನ್ನ ಕಾಂತತ್ವವನ್ನು ಎರಡು ತಿಂಗಳ ಮಟ್ಟದ ಅವಧಿಗೆ ಉಳಿಸಿಕೊಳ್ಳುತ್ತದೆ. 4 ಕೆಲ್ವಿನ್ ದಾಟಿದರೆ ನೆನಪು ಬೇಗ ಹಾರಿಹೋಗುತ್ತದೆ. ‘ಸಿಂಗಲ್ ಮಾಲಿಕ್ಯೂಲ್ ಮ್ಯಾಗ್ನೆಟ್’ ಎಂಬ ಹೆಸರು ಕ್ರಿಸ್ಟೂ–ಹೆಂಡ್ರಿಕ್‌ಸನ್ ತಂಡದ ಬರಹಗಳಿಂದ ಬಳಕೆಗೆ ಬಂದದ್ದೂ 1996ರಲ್ಲೇ.

ಮುಂದಿನದನ್ನು ಬೇಗ ಹೇಳುತ್ತೇವೆ. 2001ರಲ್ಲಿ ಕ್ರಿಸ್ಟೂ ಫ್ಲಾರಿಡಾಕ್ಕೆ ಬಂದರು. 2002ರಲ್ಲಿ ಎರಡು ಅಣು-ಆಯಸ್ಕಾಂತಗಳು ಜೋಡಿಯಾಗಿ ಒಂದರ ಸುರಂಗವನ್ನು ಇನ್ನೊಂದು ನಿಯಂತ್ರಿಸುವುದನ್ನು, 2004ರಲ್ಲಿ ಸುಮಾರು 4 ನ್ಯಾನೊಮೀಟರ್ ಅಗಲದ 84 ಮ್ಯಾಂಗನೀಸಿನ ಚಕ್ರವನ್ನು ಅವರ ತಂಡ ತೋರಿಸಿತು. 2011ರಲ್ಲಿ ಜಪಾನಿನ ವಿಜ್ಞಾನಿಗಳು ಎಲೆಯ ಆ ಗೊಂಚಲನ್ನು 1.9 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಕಂಡರು: ಮೂರು ಮ್ಯಾಂಗನೀಸು, ಒಂದು ಕ್ಯಾಲ್ಸಿಯಂ ಸೇರಿದ ಓರೆಯಾದ ಘನ, ಪಕ್ಕಕ್ಕೆ ತೂಗುಬಿದ್ದ ನಾಲ್ಕನೆಯ ಮ್ಯಾಂಗನೀಸು. 2012ರಲ್ಲಿ ಕ್ರಿಸ್ಟೂ ತಂಡ ಅದೇ ಮೂರು ಮ್ಯಾಂಗನೀಸು, ಒಂದು ಕ್ಯಾಲ್ಸಿಯಂ ಘನದ ಮಾದರಿಯನ್ನು ಬೀಕರಿನಲ್ಲಿ ಮಾಡಿ ಅದರ ಸ್ಪಿನ್ ನಾಲ್ಕೂವರೆ ಎಂದು ಅಳೆಯಿತು. ಮೂರು ಒಂದೂವರೆಗಳು ಒಂದೇ ದಿಕ್ಕಿಗೆ ನಿಂತಾಗ ಬರುವ ಸಂಖ್ಯೆ ಅದು. ಎಲೆಯ ಪ್ರಶ್ನೆಗೂ ಆಯಸ್ಕಾಂತದ ಪ್ರಶ್ನೆಗೂ ಕೆಲಸಕ್ಕೆ ಬಂದದ್ದು ಅದೇ ಅಸಿಟೇಟ್, ಅದೇ ಪರ್ಮ್ಯಾಂಗನೇಟ್, ಅದೇ ಅಳತೆಯ ಯಂತ್ರ. ವಿದ್ಯಾರ್ಥಿಗಳ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನಮಗೆ ಗೊತ್ತಿಲ್ಲ.

ಈಗ ನಮ್ಮ ಕೋರಿಕೆಗೆ ಬರುತ್ತೇವೆ. ಹನ್ನೆರಡು ಮ್ಯಾಂಗನೀಸಿನ ಈ ಅಸಿಟೇಟನ್ನು ಮಾಡಲು ಬೇಕಾದ ಮೂರು ಸಾಮಾನುಗಳೂ ಜಿಲ್ಲಾ ಕೇಂದ್ರದ ಯಾವುದೇ ಎಂಎಸ್ಸಿ ಪ್ರಯೋಗಾಲಯದ ಕಪಾಟಿನಲ್ಲಿ ಇರುವಂಥವು. ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಇದನ್ನು ನಿರವಯವ ರಸಾಯನಶಾಸ್ತ್ರದ ಪ್ರಾಯೋಗಿಕ ಪಠ್ಯಕ್ಕೆ ಸೇರಿಸಬೇಕು.

ವಿಧಾನ ಹೀಗಿದೆ. ನಾಲ್ಕು ಅಣು ನೀರಿರುವ ಮ್ಯಾಂಗನೀಸ್ ಅಸಿಟೇಟ್ 4 ಗ್ರಾಂ ತೂಗಿ, 60% ಅಸಿಟಿಕ್ ಆಮ್ಲದ 40 ಮಿಲಿಲೀಟರಿನಲ್ಲಿ ಕರಗಿಸಬೇಕು. ಚೆನ್ನಾಗಿ ಪುಡಿಮಾಡಿದ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ 1 ಗ್ರಾಮನ್ನು, ಕಲಕುತ್ತಲೇ, ಎರಡು ನಿಮಿಷದಲ್ಲಿ ಚಿಟಿಕೆ ಚಿಟಿಕೆಯಾಗಿ ಸೇರಿಸಬೇಕು. ಇನ್ನೆರಡು ನಿಮಿಷ ಕಲಕಿ, ಮುಚ್ಚಿ, ಮೂರು ದಿನ ಅಲ್ಲಾಡಿಸದೆ ಇಡಬೇಕು. ತಳದಲ್ಲಿ ಕಪ್ಪು, ಹೊಳೆಯುವ, ಕಡ್ಡಿಯಂಥ ಚೌಕಮುಖದ ಹರಳುಗಳು ಕೂರುತ್ತವೆ. ಸೋಸಿ, ಸ್ವಲ್ಪವೇ ಅಸಿಟೋನಿನಲ್ಲಿ ತೊಳೆದು, ಗಾಳಿಗೆ ಒಣಗಿಸಿದರೆ ಆಯಿತು. ಕೈಗವಸು, ಕನ್ನಡಕ, ಫ್ಯೂಮ್ ಹುಡ್ ಕಡ್ಡಾಯ.

4 ಗ್ರಾಮಿಗೆ 1 ಗ್ರಾಂ ಏಕೆ ಎಂದು ವಿದ್ಯಾರ್ಥಿಯೇ ಲೆಕ್ಕ ಹಾಕಬೇಕು, ಇದರ ಅರ್ಧ ಪಾಠ ಅಲ್ಲೇ ಇದೆ. ಅಸಿಟೇಟಿನಲ್ಲಿ 16.3 ಮಿಲಿಮೋಲ್ ಮ್ಯಾಂಗನೀಸ್, ವೇಲೆನ್ಸಿ 2. ಪರ್ಮ್ಯಾಂಗನೇಟಿನಲ್ಲಿ 6.3 ಮಿಲಿಮೋಲ್, ವೇಲೆನ್ಸಿ 7. ಎರಡೂ ಸೇರಿ ಸರಾಸರಿ 3.39. ಗೊಂಚಲಿನಲ್ಲಿ ಬೇಕಾದ ಸರಾಸರಿ, ಎಂಟು ಮೂರುಗಳು ನಾಲ್ಕು ನಾಲ್ಕುಗಳು ಸೇರಿ ಹನ್ನೆರಡಕ್ಕೆ ಹಂಚಿದರೆ, 3.33. ಅಂದರೆ ಪರ್ಮ್ಯಾಂಗನೇಟ್ ಕೂದಲೆಳೆಯಷ್ಟು ಹೆಚ್ಚಿಗೆ ಇದೆ, ಸರಿಯಾದ ಲೆಕ್ಕಕ್ಕೆ 0.94 ಗ್ರಾಂ ಸಾಕು. ‘ಇನ್ನೂ ಸ್ವಲ್ಪ ಇರಲಿ’ ಎಂದು ಒಂದೂವರೆ ಗ್ರಾಂ ಹಾಕಿದವರಿಗೆ ಹರಳಿನ ಬದಲು ಕಂದು ಕೆಸರು ಸಿಗುತ್ತದೆ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಒಂದೇ ಸಲಕ್ಕೆ ಸುರಿದರೂ ಹೀಗೇ ಆಗುತ್ತದೆ, ಏಕೆಂದರೆ ಪುಡಿ ಬಿದ್ದ ಜಾಗದಲ್ಲಿ ಬಿಸಿ ಏರಿ, ಅಲ್ಲಿ ಮಾತ್ರ ಪರ್ಮ್ಯಾಂಗನೇಟ್ ಅತಿಯಾಗುತ್ತದೆ. ಮೂರು ದಿನದೊಳಗೆ ಕುತೂಹಲಕ್ಕೆ ಬೀಕರ್ ಎತ್ತಿ ನೋಡಿದರೆ ಹರಳು ಸಣ್ಣಗೆ ಪುಡಿಪುಡಿಯಾಗಿ ಇಳಿಯುತ್ತದೆ. ಎಲ್ಲ ಮ್ಯಾಂಗನೀಸೂ ಗೊಂಚಲಾದರೆ 3.9 ಗ್ರಾಂ ಬರಬೇಕು. ಅಷ್ಟು ಎಂದೂ ಬರುವುದಿಲ್ಲ, ಒಂದು ಪಾಲು ದ್ರಾವಣದಲ್ಲೇ ಉಳಿಯುತ್ತದೆ. ಮುಂದಿನ ಅಳತೆಗೆ 1 ಗ್ರಾಂ ಇದ್ದರೆ ಸಾಕು.

ಆ ಅಳತೆಗೆ ದ್ರವ ಹೀಲಿಯಂ ಬೇಡ. ಗೌಯ್ ತಕ್ಕಡಿ ಇದ್ದರಾಯಿತು: ಆಯಸ್ಕಾಂತದ ಎರಡು ಧ್ರುವಗಳ ನಡುವೆ ಮಾದರಿ ತುಂಬಿದ ಗಾಜಿನ ನಳಿಕೆ ತೂಗುಬಿಟ್ಟು, ಕ್ಷೇತ್ರ ಇದ್ದಾಗ, ಇಲ್ಲದಾಗ ತೂಕದ ವ್ಯತ್ಯಾಸ ನೋಡುವುದು. ಖಾಲಿ ನಳಿಕೆಯನ್ನು ಮೊದಲು ತೂಗಬೇಕು. ಗಾಜು ಕ್ಷೇತ್ರದಿಂದ ದೂರ ತಳ್ಳಲ್ಪಡುವುದರಿಂದ ಅದರ ವ್ಯತ್ಯಾಸ ಋಣ ಚಿಹ್ನೆಯಲ್ಲಿರುತ್ತದೆ, ಅದನ್ನು ಚಿಹ್ನೆ ಸಮೇತ ಕಳೆಯಬೇಕು. ಚಿಹ್ನೆ ಮರೆತು ಕಳೆಯುವುದು ಈ ಪ್ರಯೋಗದ ಅತಿ ಸಾಮಾನ್ಯ ತಪ್ಪು. ಆಮೇಲೆ ಹೋಲಿಕೆಗಾಗಿ, ಕಾಂತತ್ವ ಮೊದಲೇ ಗೊತ್ತಿರುವ ಮರ್ಕ್ಯುರಿ ಕೋಬಾಲ್ಟ್ ಥಯೋಸಯನೇಟನ್ನು ಅದೇ ಎತ್ತರಕ್ಕೆ ತುಂಬಿ ತೂಗಬೇಕು. ಅದರ ಗ್ರಾಂ ಸಂವೇದ್ಯತೆ (ಒಂದು ಗ್ರಾಂ ವಸ್ತು ಕ್ಷೇತ್ರಕ್ಕೆ ಎಷ್ಟು ಓಗೊಡುತ್ತದೆ ಎಂಬ ಅಳತೆ) 20 ಡಿಗ್ರಿಯಲ್ಲಿ ಸಿಜಿಎಸ್ ಏಕಮಾನದ ಹತ್ತು ಲಕ್ಷ ಪಾಲಿನಲ್ಲಿ 16.44 ಪಾಲು. ಪಾದರಸವಿರುವುದರಿಂದ ಚೆಲ್ಲಬಾರದು, ಸಿಂಕಿಗೆ ಹಾಕಬಾರದು. ಕೊನೆಗೆ ನಮ್ಮ ಕಪ್ಪು ಹರಳನ್ನು ನುಣ್ಣಗೆ ಅರೆದು, ಸ್ವಲ್ಪ ಸ್ವಲ್ಪವೇ ಹಾಕಿ ನಳಿಕೆಯನ್ನು ಮೇಜಿಗೆ ತಟ್ಟುತ್ತಾ ತುಂಬಬೇಕು. ಗಾಳಿ ಉಳಿದರೆ ಉತ್ತರ ಸಲಕ್ಕೊಂದು ಬರುತ್ತದೆ. ಮೂರು ಸಲ ಖಾಲಿ ಮಾಡಿ ತುಂಬಿ, ಮೂರೂ ಉತ್ತರ ಹತ್ತಿರವಿದ್ದರೆ ಮಾತ್ರ ನಂಬಬೇಕು.

ಹನ್ನೆರಡು ಮ್ಯಾಂಗನೀಸುಗಳು ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ಕೂತಿದ್ದರೆ ಕಪ್ಪು ಹರಳಿನ ಗ್ರಾಂ ಸಂವೇದ್ಯತೆ ಆ ಮರ್ಕ್ಯುರಿ ಲವಣದ ಸುಮಾರು ಮೂರು ಪಟ್ಟು ಇರಬೇಕು. ಅಳೆದರೆ ಸಿಗುವುದು ಎರಡು ಪಟ್ಟಿನ ಆಸುಪಾಸು. ಅಣುವೊಂದಕ್ಕೆ, ಕಾಂತತ್ವದ ಏಕಮಾನವಾದ ಬೋರ್ ಮ್ಯಾಗ್ನೆಟಾನಿನಲ್ಲಿ ಹೇಳುವುದಾದರೆ, 15.9 ಇರಬೇಕಾದ ಕಡೆ 12.5. ಘನದ ಸ್ಪಿನ್ನುಗಳು ಉಂಗುರದ ಸ್ಪಿನ್ನುಗಳಿಗೆ ತಿರುಗಿ ನಿಲ್ಲಲು ಹವಣಿಸುತ್ತಿರುವುದು ಕೋಣೆಯ ಉಷ್ಣತೆಯಲ್ಲೇ, ಎಂಎಸ್ಸಿ ವಿದ್ಯಾರ್ಥಿಯ ತಕ್ಕಡಿಯಲ್ಲೇ ಕಾಣುತ್ತದೆ. ತಾಮ್ರದ ಸಲ್ಫೇಟನ್ನು ತೂಗಿ, ಪುಸ್ತಕದಲ್ಲಿರುವ 1.9 ಬಂತು ಎಂದು ಬರೆದು ಸಹಿ ಹಾಕಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಪಾಲು ಮೇಲು. ಬರಬೇಕಾದದ್ದಕ್ಕೂ ಬಂದದ್ದಕ್ಕೂ ಇರುವ ಅಂತರದಲ್ಲೇ ಇಲ್ಲಿ ವಿಷಯ ಅಡಗಿದೆ.

ಲೆಕ್ಕದಲ್ಲಿ ಎಚ್ಚರ ಬೇಕಾದ ಒಂದು ಜಾಗವಿದೆ. ಹರಳಿನೊಳಗೆ ಗೊಂಚಲಿನ ಜೊತೆ ಎರಡು ಅಣು ಅಸಿಟಿಕ್ ಆಮ್ಲ, ನಾಲ್ಕು ಅಣು ನೀರು ಸಿಕ್ಕಿಕೊಂಡಿರುತ್ತವೆ. ಅವು ಸೇರಿದರೆ ಅಣುಭಾರ 2060, ಬಿಟ್ಟರೆ 1868. ನಿರ್ವಾತದಲ್ಲಿ ಹೆಚ್ಚು ಹೊತ್ತು ಒಣಗಿಸಿ ದ್ರಾವಕ ಹಾರಿಸಿಬಿಟ್ಟು, ಲೆಕ್ಕಕ್ಕೆ ಮಾತ್ರ 2060 ಹಾಕಿದರೆ ಹತ್ತು ಪ್ರತಿಶತ ತಪ್ಪು ಉತ್ತರ ಬರುತ್ತದೆ.

ಆ ಸಿಕ್ಕಿಕೊಂಡ ಅಸಿಟಿಕ್ ಆಮ್ಲ ಇನ್ನೂ ಸೂಕ್ಷ್ಮವಾದ ತೊಂದರೆ ಕೊಡುತ್ತದೆ, ಅದು ಸಂಶೋಧಕರಿಗೆ ಸೇರಿದ್ದು. ಅದು ಗೊಂಚಲಿನ ಸುತ್ತ ಒಂದೊಂದು ಕಡೆ ಒಂದೊಂದು ಬಗೆಯಾಗಿ ಕೂತು ಅಣುವಿನ ನಾಲ್ಕುಮಗ್ಗುಲ ಸಮತೆಯನ್ನು ಕೆಡಿಸುತ್ತದೆ, ಸುರಂಗದ ವೇಗ ಅಣುವಿನಿಂದ ಅಣುವಿಗೆ ಬೇರೆಯಾಗುತ್ತದೆ. ಇದಲ್ಲದೆ ಕೆಲವು ಅಣುಗಳಲ್ಲಿ ಎಂಟರಲ್ಲಿ ಒಂದು ಮ್ಯಾಂಗನೀಸಿನ ಉದ್ದದ ಬಂಧ ಲಂಬವಾಗಿರದೆ ಅಡ್ಡಕ್ಕೆ, ಒಳಗಿನ ಆಕ್ಸೈಡಿನ ಕಡೆಗೆ, ತಿರುಗಿರುತ್ತದೆ. ಅಷ್ಟರಿಂದಲೇ ದಿಬ್ಬ ತಗ್ಗುತ್ತದೆ. 1000 ಹರ್ಟ್ಸ್ ಪರ್ಯಾಯ ಕ್ಷೇತ್ರದಲ್ಲಿ ಸರಿಯಾದ ಅಣುಗಳ ಸಂಕೇತ 6ರಿಂದ 8 ಕೆಲ್ವಿನ್ ನಡುವೆ ಬಂದರೆ, ಬಂಧ ತಿರುಗಿದ ಅಣುಗಳದು 2ರಿಂದ 3 ಕೆಲ್ವಿನ್ ನಡುವೆ ಬರುತ್ತದೆ. ಒಂದೇ ಸಂಯುಕ್ತಕ್ಕೆ ಎರಡು ಶಿಖರ ಏಕೆ ಎಂಬ ತಕರಾರಿಗೆ ಉತ್ತರ ಸಿಕ್ಕಿದ್ದು ಕ್ರಿಸ್ಟೂ ತಂಡ ಅಸಿಟೇಟನ್ನು ತೆಗೆದು ಬೇರೆ ಬೇರೆ ಕಾರ್ಬಾಕ್ಸಿಲೇಟ್ ಹಾಕಿ ಸಾಲು ಸಾಲಾಗಿ ಹರಳು ಬೆಳೆಸಿದ್ದರಿಂದ. ಆ ಬದಲಾವಣೆಯ ಉಪಾಯ ಸರಳ: ಹೊಸ ಆಮ್ಲವನ್ನು ಹೆಚ್ಚಿಗೆ ಹಾಕಿ, ಟೊಲ್ವೀನ್ ಸೇರಿಸಿ, ಕಡಿಮೆ ಒತ್ತಡದಲ್ಲಿ ಆವಿ ಮಾಡುವುದು. ಟೊಲ್ವೀನ್ ತನ್ನ ಜೊತೆಗೆ ಬಿಡುಗಡೆಯಾದ ಅಸಿಟಿಕ್ ಆಮ್ಲವನ್ನು ಕಟ್ಟಿಕೊಂಡು ಹೋಗುತ್ತದೆ. ಒಂದೇ ಸುತ್ತಿಗೆ ಹದಿನಾರೂ ಬದಲಾಗುವುದಿಲ್ಲ, ಎರಡು ಮೂರು ಸಲ ಮಾಡಬೇಕು. ಅವಸರ ಮಾಡಿದವರಿಗೆ ಅರ್ಧ ಅಸಿಟೇಟ್, ಅರ್ಧ ಹೊಸದು ಬೆರೆತ, ಹರಳುಗಟ್ಟದ ಕಪ್ಪು ಅಂಟು ಸಿಗುತ್ತದೆ.

ತಂಪಿನ ಅಳತೆ ಬೇಕೆಂದರೆ, ಅತಿ ಸಣ್ಣ ಕಾಂತತ್ವವನ್ನೂ ಅಳೆಯುವ ಸ್ಕ್ವಿಡ್ ಮ್ಯಾಗ್ನೆಟೋಮೀಟರ್ ಇರುವ ದೊಡ್ಡ ಸಂಸ್ಥೆಗೆ ಮಾದರಿ ಕಳಿಸಬೇಕು. ಕಳಿಸುವವರು ತಿಳಿದಿರಬೇಕಾದವು: 20ರಿಂದ 40 ಮಿಲಿಗ್ರಾಂ ಸಾಕು. ಸ್ಟೀಲ್ ಚಮಚ ಮುಟ್ಟಿಸಬಾರದು, ಪ್ಲಾಸ್ಟಿಕ್ಕಿನದೇ ಆಗಬೇಕು. ಕಣ್ಣಿಗೆ ಕಾಣದ ಕಬ್ಬಿಣದ ಚೂರು ಇಡೀ ಗೆರೆಯನ್ನು ಮೇಲೆತ್ತುತ್ತದೆ. ಹರಳನ್ನು ಹಾಗೇ ಸಡಿಲವಾಗಿ ಹಾಕಿದರೆ ಕ್ಷೇತ್ರ ಏರಿದಾಗ ಪ್ರತಿ ಹರಳೂ ತನ್ನ ಸುಲಭ ದಿಕ್ಕಿಗೆ ಹೊರಳಿ ಕೂರುತ್ತದೆ, ಇಲ್ಲದ ಕಾಂತತ್ವ ಇದ್ದಂತೆ ಕಾಣುತ್ತದೆ. ಐಕೊಸೇನ್ ಎಂಬ ಮೇಣ 37 ಡಿಗ್ರಿಯಲ್ಲಿ ಕರಗುತ್ತದೆ, ಅದರಲ್ಲಿ ಪುಡಿಯನ್ನು ಕಟ್ಟಿಹಾಕಬೇಕು. ಕ್ಯಾಪ್ಸೂಲಿನದು, ಮೇಣದ್ದು ಎರಡನ್ನೂ ಆಮೇಲೆ ಕಳೆಯಬೇಕು. ಗೆರೆಯಲ್ಲಿ 50 ಕೆಲ್ವಿನ್ ಹತ್ತಿರ ಸಣ್ಣ ಉಬ್ಬು ಕಂಡರೆ ಹೊಸ ಸಂಶೋಧನೆ ಎಂದು ಹಿಗ್ಗಬಾರದು. ಒಳಗೆ ಉಳಿದ ಗಾಳಿಯ ಆಮ್ಲಜನಕ ಹೆಪ್ಪುಗಟ್ಟಿದ್ದು ಅದು. ಮತ್ತೆ ಗಾಳಿ ತೆಗೆದು ಅಳೆಯಬೇಕು. ನಮ್ಮ ದೇಶ ಹೀಲಿಯಮ್ಮಿಗೆ ಬಹುತೇಕ ಆಮದನ್ನೇ ನಂಬಿದೆ. ಸರತಿ ಬಂದ ದಿನ ಮಾದರಿ ಕೆಟ್ಟಿದ್ದರೆ ಹಾಳಾಗುವುದು ಒಬ್ಬರ ಸಮಯ ಮಾತ್ರ ಅಲ್ಲ.

ಇನ್ನು ಪತ್ರಿಕೆಗಳಲ್ಲಿ ನಮ್ಮ ಕೋರಿಕೆ ಒಂದೇ. ಅಣು-ಆಯಸ್ಕಾಂತದ ಸುದ್ದಿ ಬರೆದಾಗ ಉಷ್ಣತೆಯನ್ನು ಶೀರ್ಷಿಕೆಯಲ್ಲಿ ಅಲ್ಲದಿದ್ದರೂ ಮೊದಲ ಪ್ಯಾರಾದಲ್ಲಿ ಬರೆಯಿರಿ. ಮ್ಯಾಂಗನೀಸಿನ ಈ ಹಿರಿಯ ಅಣು ನೆನಪು ಹಿಡಿಯುತ್ತಿದ್ದದ್ದು 3 ಕೆಲ್ವಿನ್ ಆಸುಪಾಸಿನಲ್ಲಿ. ಡಿಸ್ಪ್ರೋಸಿಯಮ್ಮಿನ ಒಂದೇ ಪರಮಾಣುವನ್ನು ಎರಡು ಇಂಗಾಲದ ಉಂಗುರಗಳ ನಡುವೆ ಸಿಕ್ಕಿಸಿದ ಅಣು 2017ರಲ್ಲಿ 60 ಕೆಲ್ವಿನ್ ಮುಟ್ಟಿತು. 2018ರಲ್ಲಿ ಇನ್ನೊಂದು 80 ಮುಟ್ಟಿ, ದ್ರವ ಸಾರಜನಕದ 77 ಕೆಲ್ವಿನ್ ದಾಟಿತು. 2025ರಲ್ಲಿ ಡಿಸ್ಪ್ರೋಸಿಯಮ್ಮಿನದೇ ಬೇರೊಂದು ಅಣು 100 ಕೆಲ್ವಿನ್‌ಗೆ ಬಂತು. 100 ಕೆಲ್ವಿನ್ ಎಂದರೆ ಸೊನ್ನೆಗಿಂತ 173 ಡಿಗ್ರಿ ಕೆಳಗೆ. ಹೀಲಿಯಂ ಬೇಕಿದ್ದ ಕಡೆ ಅಗ್ಗದ ದ್ರವ ಸಾರಜನಕ ಸಾಕು ಎನ್ನುವುದು ನಿಜಕ್ಕೂ ದೊಡ್ಡ ಹೆಜ್ಜೆ, ಅದನ್ನು ಹಾಗೆಯೇ ಬರೆದರೆ ಓದುಗರಿಗೆ ಅರ್ಥವಾಗುತ್ತದೆ.

ಅಧ್ಯಯನ ಮಂಡಳಿಗಳಿಗೆ ಕೊನೆಯದಾಗಿ ಸಮಯದ ಲೆಕ್ಕ. ಸೋಮವಾರದ ಅವಧಿಯಲ್ಲಿ ದ್ರಾವಣ ಮಾಡಿಟ್ಟರೆ ಗುರುವಾರ ಸೋಸಬಹುದು, ಮರುವಾರದ ಒಂದು ಅವಧಿ ತಕ್ಕಡಿಗೆ ಸಾಕು. ಸೋಸಿದ ಕಂದು ದ್ರಾವಣವನ್ನು ಸಿಂಕಿಗೆ ಸುರಿಯದೆ, ಸ್ವಲ್ಪ ಆಕ್ಸಾಲಿಕ್ ಆಮ್ಲ ಹಾಕಿ ಬಣ್ಣ ಹೋಗುವವರೆಗೆ ಬಿಟ್ಟು, ಲೋಹದ ತ್ಯಾಜ್ಯದ ಡಬ್ಬಿಗೆ ಹಾಕಬೇಕು. ಆಗ ಇಂಗಾಲದ ಡೈಆಕ್ಸೈಡ್ ನೊರೆಯೇಳುತ್ತದೆ, ಆದ್ದರಿಂದ ಡಬ್ಬಿಯ ಮುಚ್ಚಳವನ್ನು ಕೂಡಲೇ ಬಿಗಿಯಬಾರದು.

ಇಂತಿ ತಮ್ಮ ವಿಶ್ವಾಸಿಗಳು,
ನಿರವಯವ ರಸಾಯನಶಾಸ್ತ್ರದ ಬೋಧಕರು